ಗೋಡೆಯಾಚೆಯ ತಂತಿ

ಅಂಬಾರಾಯನಿಗೆ ಕುಣಿಕೆ ತೂಗುಹಾಕಲು ಒಂದು ಒಣ ಗೂಟವಿರಲಿಲ್ಲ.

ಥಾಣೆ ಹತ್ತಿರದ ಐರೋಲಿಯಲ್ಲಿ, ಸಮುದ್ರದ ಖಾಡಿ ಪಕ್ಕದ ಫ್ಲಾಟುಗಳ ಸೊಸೈಟಿಯಲ್ಲಿ ಹಂದಿ ಹಿಡಿಯಲು ಅವನನ್ನೂ ಹೆಂಡತಿ ಮರಗಮ್ಮನನ್ನೂ ಇಟ್ಟುಕೊಂಡಿದ್ದರು. ಕೂಲಿ ಇಲ್ಲ, ಹಿಡಿದ ಹಂದಿಯೇ ಕೂಲಿ. ಕುಣಿಕೆಯೆಂದರೆ ಕಬ್ಬಿಣದ ಪೈಪಿಗೆ ಸಿಕ್ಕಿಸಿದ ರಿಕ್ಷಾದ ಕ್ಲಚ್ ತಂತಿ. ಕೆಲಸ ಮುಗಿದ ಮೇಲೆ ಒರೆಸಿ, ಎಣ್ಣೆ ಹಚ್ಚಿ, ಒಣ ಜಾಗದಲ್ಲಿ ಇಡಬೇಕು. ಅವರ ಗುಡಿಸಲಿದ್ದದ್ದು ದೂರದ ಕಲ್ಯಾಣದಲ್ಲಿ. ಆ ಪೈಪು ಹಿಡಿದು ಲೋಕಲ್ ರೈಲು ಹತ್ತಲು ಪೊಲೀಸರು ಬಿಡುತ್ತಿರಲಿಲ್ಲ.

"ಪಂಪಿನ ಖೋಲ್ಯಾಗ ಒಂದ್ ಮೂಲಿ ಕೊಡ್ರಿ ಸಾಹೇಬ್ರ," ಎಂದ ಅಂಬಾರಾಯ.

ಸೊಸೈಟಿಯ ಸೆಕ್ರೆಟರಿ ಸಂಕರ್ಷಣ ಎರಡು ಹೆಜ್ಜೆ ಹಿಂದೆ ಸರಿದ. ಥಾಣೆಯಲ್ಲಿ ಅವನದು ಶುದ್ಧ ಸಸ್ಯಾಹಾರಿ ಹೋಟೆಲು.

"ಅಲ್ಲಿ ನಾವು ಕುಡಿಯುವ ನೀರುಂಟು ಮಾರಾಯಾ! ಹಂದಿ ಮುಟ್ಟಿದ ಸಾಮಾನು ಅಲ್ಲಿ ಇಡುದಾ? ತಲೆ ಸಮ ಉಂಟಾ ನಿಂಗೆ?"

ಅಂದಿನಿಂದ ಕುಣಿಕೆ ಕಾಂಪೌಂಡ್ ಗೋಡೆಯಾಚೆ ಬಯಲಲ್ಲೇ ಬಿದ್ದಿರುತ್ತಿತ್ತು. ಖಾಡಿಯ ಭರತದ ಉಪ್ಪುನೀರು ಅಲ್ಲಿಯವರೆಗೂ ಬರುತ್ತಿತ್ತು.

ಮಳೆಗಾಲ ಮುಗಿಯುವ ಹೊತ್ತಿಗೆ ತಂತಿ ಕೆಂಪಾಗಿತ್ತು. ಎಳೆಗಳು ಕಿತ್ತು ಮುಳ್ಳಿನಂತೆ ಎದ್ದಿದ್ದವು. ಒರೆಸಲು ಹೋದ ಮರಗಮ್ಮನ ಅಂಗೈ ಸೀಳಿತು.

"ಇದು ಸತ್ತದ. ಉಲ್ಹಾಸನಗರದಾಗ ಹೊಸಾದು ಸಿಗ್ತದ, ಕೊಡಸು ಅಂತ ಕೇಳು ಆ ಸೆಕ್ರೆಟರಿಗ."

ಅಂಬಾರಾಯ ಕೇಳಿದ.

"ಹೊಸದಾ? ಅದನ್ನೂ ನೀರಲ್ಲಿ ಕೊಳೆಸ್ಲಿಕ್ಕಾ?" ಸಂಕರ್ಷಣ ನಕ್ಕ. "ನಾಳೆ ಸತ್ಯನಾರಾಯಣ ಪೂಜೆ. ನೀವು ಹಿಡಿಯದೆ ಬಿಟ್ಟ ಆ ದೊಡ್ಡ ಹೆಣ್ಣುಹಂದಿ ಕಾಂಪೌಂಡಲ್ಲಿ ಕಂಡ್ರೆ ನೀವಿಬ್ರೂ ಖಲಾಸ್. ಬೇರೆಯವರು ರೆಡಿ ಇದ್ದಾರೆ."

"ತಂತಿ ಹರದ್ರ ಯಾರ್ ಜವಾಬ್ದಾರಿರೀ?" ಎಂದಳು ಮರಗಮ್ಮ.

"ನಿನ್ನ ಗಂಡನ ಕೈಯಲ್ಲಿ ಬಲ ಇಲ್ವಾ?"

ವಾಚ್‌ಮನ್ ಕೂಡ ನಕ್ಕ.

ಮರುದಿನ ಬೆಳಿಗ್ಗೆ ಆ ಹೆಣ್ಣುಹಂದಿ ಗೇಟಿನ ಹೊರಗೆ, ಗಟಾರದ ಮೂಲೆಯಲ್ಲಿ ಸಿಕ್ಕಿತು. ಅಂಬಾರಾಯ ಕೊರಳಿಗೆ ಕುಣಿಕೆ ಹಾಕಿ ಜಗ್ಗಿದ. ಹಂದಿಯೂ ಜಗ್ಗಿತು. ತಂತಿ ತುಂಡಾಯಿತು. ಅದರ ತುದಿ ಚಾಟಿಯಂತೆ ತಿರುಗಿ ಅವನ ಮುಖಕ್ಕೆ ಹೊಡೆಯಿತು. ಅವನು ಎಡಗಣ್ಣಿನ ಮೇಲೆ ಅಂಗೈ ಒತ್ತಿ ಅಲ್ಲೇ ಕೂತ. ಬೆರಳ ಸಂದಿಯಿಂದ ರಕ್ತದ ಜೊತೆ ಬೇರೇನೋ ಇಳಿಯಿತು.

ಸಂಕರ್ಷಣ ರೇಷ್ಮೆ ಪಂಚೆ ಎತ್ತಿಹಿಡಿದು ಗೇಟಿಗೆ ಬಂದ.

"ಥತ್! ಪೂಜೆಯ ದಿನ ಬಾಗಿಲಲ್ಲಿ ರಕ್ತ! ವಾಚ್‌ಮನ್, ಪಾನಿ ಮಾರ್ ಇಧರ್. ಏ, ನಿನ್ನ ಗಂಡನ್ನ ಆಚೆ ಎಳ್ಕೋ. ಜನ ಬರ್ತಾರೆ."

"ರಿಕ್ಷಾ ಕರೀರಿ. ಕಣ್ಣು ಹೋಗ್ತದ."

"ಮೊದ್ಲು ಆಚೆ ಹೋಗು ಅಂದೆನಲ್ಲ."

ಗೇಟಿನ ಪಕ್ಕ ಬಾಡಿಗೆಯ ಟೆಂಪೋ ನಿಂತಿತ್ತು, ಚಾಲಕ ಇನ್ನೂ ಬಂದಿರಲಿಲ್ಲ. ಅದರ ಪಂಜರದಲ್ಲಿ ಗಂಡ ಹೆಂಡತಿ ತಿಂಗಳಿಡೀ ಹಿಡಿದ ಒಂಬತ್ತು ಹಂದಿಗಳು, ಅವರ ಕೂಲಿ. ಮಾರಲು ಒಯ್ಯುವುದಷ್ಟೇ ಬಾಕಿ. ಮರಗಮ್ಮ ಗಂಡನನ್ನು ಒಮ್ಮೆ ನೋಡಿದಳು. ಸೀದಾ ಹೋಗಿ ಪಂಜರದ ಚಿಲಕ ಜಗ್ಗಿದಳು.

"ಹಿಡೀಲೇ ಭಾಡ್ಯಾ! ನಿನ್ನ ಕೈಯಾಗ ಬಲ ಅದ ಅಲಾ, ಹಿಡಿ!"

ಪೂಜೆಗೆಂದು ತೆರೆದಿಟ್ಟ ಗೇಟಿನೊಳಕ್ಕೆ ಹಂದಿಗಳು ನುಗ್ಗಿದವು. ಒಳಗೆ ಬಾರಿಸುತ್ತಿದ್ದ ಪೂಜೆಯ ಗಂಟೆ ನಿಂತಿತು. ಅವಳು ತಿರುಗಿ ನೋಡಲಿಲ್ಲ. ಗಂಡನ ತೋಳನ್ನು ಹೆಗಲಿಗೆ ಹಾಕಿಕೊಂಡು ರಸ್ತೆಗಿಳಿದಳು.

ಮೂರು ರಿಕ್ಷಾಗಳು ನಿಲ್ಲಲಿಲ್ಲ.

ಹೋದದ್ದು ಒಂದು ಕಣ್ಣು, ಒಂಬತ್ತು ಹಂದಿ.