ಲೋಕ ಮುಳುಗುವ ದಿನ ಕಣ್ಣಿನ ಆಪರೇಷನ್

ಉದ್ದನಪಲ್ಲಿಯ ಕದಿರಪ್ಪನ ಎರಡು ಕಣ್ಣಿಗೂ ಪೊರೆ ಬಂದಿತ್ತು. ಹೋದ ತಿಂಗಳು ತೊಟ್ಟಿಯ ಅಂಚು ಕಾಣದೆ ಬಿದ್ದು ಮೊಣಕಾಲು ಒಡೆದುಕೊಂಡಿದ್ದ. ಕೊನೆಗೂ ಕೃಷ್ಣಗಿರಿಯ ಆಸ್ಪತ್ರೆಯಲ್ಲಿ ಒಂದು ಕಣ್ಣಿನ ಆಪರೇಷನ್ನಿಗೆ ದಿನ ಕೊಟ್ಟರು. ಅದು ಅಮಾವಾಸ್ಯೆಯ ದಿನ.

ಅಷ್ಟರಲ್ಲಿ ಹೆಂಡತಿ ಲಕ್ಷ್ಮಿದೇವಮ್ಮನ ಮೊಬೈಲಿಗೊಂದು ವಾಟ್ಸಾಪ್ ಬಂತು. ಹೊಸೂರಿನ ಫ್ಯಾಕ್ಟರಿಯಲ್ಲಿರುವ ಅವಳ ತಮ್ಮ ಮುನಿರಾಜ್ ಕಳಿಸಿದ್ದ. ಗಡಸು ದನಿಯೊಂದು ಹೇಳುತ್ತಿತ್ತು: ‘ಅಮಾವಾಸ್ಯೆಗೆ ಗ್ರಹಗಳೆಲ್ಲ ಒಂದೇ ಸಾಲಿಗೆ ಬರುತ್ತವೆ. ಭೂಮಿಯನ್ನು ಎಳೆದು ಸೀಳುತ್ತವೆ. ಬೆಂಕಿಯ ಮಳೆ ಸುರಿಯುತ್ತದೆ. ಎಲ್ಲರಿಗೂ ಕಳಿಸಿ.’ ಸಂಜೆಗೆ ಇನ್ನೊಂದು ಬಂತು. ಅದರಲ್ಲಿ ಬೆಂಕಿಯಿಲ್ಲ, ಪ್ರಳಯದ ನೀರು.

ಲಕ್ಷ್ಮಿದೇವಮ್ಮನ ತಲೆ ಗಿರ್ರೆಂದಿತು. ಬೆಂಕಿಯಾದರೆ ಹಸುವಿನ ಹಗ್ಗ ಬಿಚ್ಚಿ ಬಿಡಬೇಕು. ನೀರಾದರೆ ಹಿಡಿದು ಗುಡ್ಡ ಹತ್ತಿಸಬೇಕು. ಯಾವುದನ್ನು ಮಾಡುವುದು? ಅದೇ ಯೋಚನೆಯಲ್ಲಿ ಮುದ್ದೆ ಗಂಟುಗಂಟಾಯಿತು.

“ಆಸ್ಪತ್ರೆ ಬ್ಯಾಡ. ಲೋಕ್ವೇ ಮುಳುಗೋವಾಗ ಕಣ್ಣ್ ಮಾಡಿಸ್ಕೊಂಡು ಏನ್ ನೋಡ್ತೀರಾ?”

“ಮುಳುಗೋದನ್ನಾದ್ರೂ ನೆಟ್ಟಗೆ ನೋಡ್ತೀನಿ ಬಿಡೆ” ಎಂದ ಕದಿರಪ್ಪ.

ಅವಳಿಗೆ ನಗು ಬರಲಿಲ್ಲ. ಬೆಳಗ್ಗೆಯೇ ಪಕ್ಕದ ಮನೆಗೆ ಹೋದಳು. ಅಲ್ಲಿರುವ ಸೆಲ್ವಿ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವ ಟೀಚರ್.

“ಆಸ್ಪತ್ರೆಗೆ ಫೋನ್ ಮಾಡಿ, ಬರಲ್ಲ ಅಂತ ಹೇಳ್ಬುಡಮ್ಮ” ಎಂದು ಮೊಬೈಲ್ ಮುಂದೆ ಹಿಡಿದಳು.

ಸೆಲ್ವಿ ಎರಡು ಮೆಸೇಜನ್ನೂ ಕೇಳಿದಳು. “ಅಕ್ಕಾ, ಇದನ್ನ ಯಾರ್ ಹೇಳಿದ್ದು? ನಿಮ್ಮ ತಮ್ಮನ್ನೇ ಕೇಳಿ.”

ಮುನಿರಾಜ್ ಫೋನಿನಲ್ಲಿ ತಡವರಿಸಿದ. “ನಂಗೇನ್ ಗೊತ್ತಕ್ಕ? ಗ್ರೂಪಲ್ಲಿ ಬಂತು. ಎಲ್ರಿಗೂ ಕಳ್ಸಿ ಅಂತ ಇತ್ತು, ಕಳ್ಸ್‌ಬುಟ್ಟೆ.”

“ಹೇಳಿದೋನು ಯಾರೂಂತ ಕಳಿಸಿದೋನಿಗೇ ಗೊತ್ತಿಲ್ಲ” ಎಂದಳು ಸೆಲ್ವಿ.

“ಆದ್ರೂ ಗ್ರಹ ಎಳೀತವಂತಲ್ಲ?”

“ನಿಮ್ಮ ಒಲೆ ಮುಂದೆ ಕೂತ್ರೆ ಬಿಸಿ ತಾಕುತ್ತೆ. ಅಷ್ಟ್ ದೂರದ ರಾಯಕೋಟೇಲಿ ಒಲೆ ಹಚ್ಚಿದ್ರೆ ನಿಮಗೆ ತಾಕುತ್ತಾ? ಗ್ರಹಗಳ ಎಳೆತಾನೂ ಹಂಗೇ. ದೂರ ಆದಷ್ಟೂ ಕಮ್ಮಿ. ಅವು ಕೋಟಿಗಟ್ಟಲೆ ಮೈಲಿ ಆಚೆ ಅವೆ. ಚಂದ್ರ ಹತ್ರ ಅವ್ನೆ, ಅದಕ್ಕೇ ಸಮುದ್ರದ ನೀರು ದಿನಾ ಏರಿ ಇಳಿಯುತ್ತೆ. ಅವನು ಎಳೆದ್ರೇ ಭೂಮಿ ಸೀಳಲಿಲ್ಲ, ಇವು ಸೀಳ್ತವಾ? ಗ್ರಹಗಳು ಆಕಾಶದಲ್ಲಿ ಒಂದ್ ಕಡೆಗೆ ಕಾಣೋದು ಹೊಸದೂ ಅಲ್ಲ. ಎಷ್ಟೋ ಸಲ ಆಗಿದೆ.”

ಲಕ್ಷ್ಮಿದೇವಮ್ಮನಿಗೆ ಅರ್ಧ ಅರ್ಥವಾಯಿತು, ಅರ್ಧ ಆಗಲಿಲ್ಲ.

“ಎರಡು ಸಾವಿರದ ಹನ್ನೆರಡರಲ್ಲೂ ಲೋಕ ಮುಳುಗುತ್ತೆ ಅಂದ್ರಲ್ಲ, ಆಗ ನೀವು ಏನ್ ಮಾಡಿದ್ರಿ?” ಎಂದಳು ಸೆಲ್ವಿ.

“ಹೂಂ ಕಣಮ್ಮ! ಇದ್ದ ಕೋಳಿನೆಲ್ಲ ಕುಯ್ದು ತಿಂದ್ಬುಟ್ವಿ. ಆಮ್ಯಾಕೆ ಒಂದ್ ಮೊಟ್ಟೆಗೂ ಗತಿ ಇರ್ಲಿಲ್ಲ.” ಹೇಳುತ್ತ ಹೇಳುತ್ತ ಅವಳಿಗೇ ನಗು ಬಂತು.

“ಕೋಳಿ ಮತ್ತೆ ಸಾಕಬಹುದು ಅಕ್ಕಾ. ಮಾಮ ಕಣ್ ಕಾಣದೆ ಬಾವಿಗೆ ಬಿದ್ರೆ?”

ಆ ಮಾತು ನಾಟಿತು. ಅಮಾವಾಸ್ಯೆಯ ಬೆಳಗ್ಗೆ ಗಂಡ ಹೆಂಡತಿ ಕೃಷ್ಣಗಿರಿಯ ಬಸ್ ಹತ್ತಿದರು. ಕದಿರಪ್ಪನನ್ನು ಒಳಗೆ ಕರೆದುಕೊಂಡು ಹೋದ ಮೇಲೆ ಲಕ್ಷ್ಮಿದೇವಮ್ಮ ಆಸ್ಪತ್ರೆಯ ಬೇವಿನ ಮರದ ಕೆಳಗೆ ಕೂತು ಆಕಾಶವನ್ನೇ ನೋಡಿದಳು. ಬಿಸಿಲು ಚುರುಗುಟ್ಟುತ್ತಿತ್ತು. ಗೇಟಿನ ಹತ್ತಿರ ಒಬ್ಬ ಟೀ ಮಾರುತ್ತಿದ್ದ. ಸೆಲ್ವಿ ಹೇಳಿದ್ದು ನಿಜ ಅನಿಸುವುದು. ಮೋಡ ಕಂಡರೆ ಮತ್ತೆ ಹೆದರಿಕೆಯಾಗುವುದು. ಸಂಜೆಯಾಯಿತು. ಬೆಂಕಿಯೂ ಬೀಳಲಿಲ್ಲ, ನೀರೂ ಬರಲಿಲ್ಲ.

ಮಾರನೆಯ ದಿನ ನರ್ಸಮ್ಮ ಕಣ್ಣಿನ ಪಟ್ಟಿ ತೆಗೆದರು. ಕದಿರಪ್ಪ ಎದುರಿಗಿದ್ದ ಹೆಂಡತಿಯನ್ನು ದಿಟ್ಟಿಸಿ ನೋಡಿದ.

“ಯಾವಾಗ್ ಕಣೆ ನಿನ್ ತಲೆ ಇಷ್ಟ್ ಬೆಳ್ಳಗಾಗಿದ್ದು?”

ಲಕ್ಷ್ಮಿದೇವಮ್ಮ ನಗಲು ಹೋಗಿ ಅತ್ತುಬಿಟ್ಟಳು. ಆಮೇಲೆ ಸೆರಗಿನಿಂದ ಮುಖ ಒರೆಸಿಕೊಂಡು ನರ್ಸಮ್ಮನಿಗೆ ಹೇಳಿದಳು: “ಇನ್ನೊಂದ್ ಕಣ್ಣಿಗೂ ದಿನ ಕೊಡಿ ತಾಯಿ. ಯಾವ್ ದಿನ ಆದ್ರೂ ಬತ್ತೀವಿ.”

ಅಕ್ಕಂದಿರೇ, ಅಣ್ಣಂದಿರೇ, ಲೋಕ ಮುಳುಗುತ್ತದೆ ಎಂಬ ಮಾತು ನಿಮ್ಮ ಮೊಬೈಲಿಗೂ ಬಂದೀತು. ಹೆದರಿಕೆಯಾದರೆ ನಾಚಬೇಡಿ. ಹೇಳಿದವರು ಯಾರು, ಆಧಾರವೇನು ಎಂದು ಕೇಳಿ. ತಿಳಿದ ಟೀಚರನ್ನು ವಿಚಾರಿಸಿ. ಅಲ್ಲಿಯವರೆಗೆ ಇನ್ನೊಬ್ಬರಿಗೆ ಕಳಿಸಬೇಡಿ. ಆಸ್ಪತ್ರೆಗೆ ಹೋಗುವುದಿದ್ದರೆ ಹೋಗಿ, ಬಿತ್ತುವುದಿದ್ದರೆ ಬಿತ್ತಿ. ನಾಳೆಯ ಕೆಲಸವನ್ನು ಗಾಳಿಮಾತಿಗೆ ಬಿಟ್ಟುಕೊಡಬೇಡಿ.