ಎರಡೂ ಬೇಡದವರು

ಮುಂಬೈ ಪಕ್ಕದ ಡೊಂಬಿವಲಿಯ ಕಾರ್ಖಾನೆ ವಸಾಹತು ಎಂಐಡಿಸಿಯಲ್ಲಿರುವ ಕಿಟ್ಟುವಿನ ಹೋಟೆಲಿಗೆ ಬರುವ ಅವನ ಊರಿನ ಕಡೆಯವರಲ್ಲಿ ಕೊನೆಗೆ ಉಳಿದವರು ಶ್ರೀಪತಿ ಭಟ್ಟರೊಬ್ಬರೇ. ಅವರು ಈರುಳ್ಳಿ, ಬೆಳ್ಳುಳ್ಳಿ ಎರಡನ್ನೂ ಮುಟ್ಟದವರು. ಕಿಟ್ಟುವಿನ ತಂಗಿಯ ಮಗ ವಿಶಾಲ್ ಆರ್ಡರಿಗೆಂದು ಮೇಜಿನ ಮೇಲೆ ಸ್ಕ್ರೀನ್ ಕೂರಿಸಿದ ಮೇಲೆ ಅವರೂ ಅದನ್ನೇ ಒತ್ತಬೇಕಾಯಿತು. ‘ಈರುಳ್ಳಿ ಬೇಡ’ ಎಂಬಲ್ಲಿ ದುಂಡು ಗುರುತು ಒತ್ತಿದರು, ಆಮೇಲೆ ‘ಬೆಳ್ಳುಳ್ಳಿ ಬೇಡ’ ಎಂಬಲ್ಲಿ ಒತ್ತಿದರು. ಎರಡನೆಯದು ಹತ್ತಿಕೊಂಡಾಗ ಮೊದಲನೆಯದು ಆರಿದ್ದು ಅವರ ಕಣ್ಣಿಗೆ ಬೀಳಲಿಲ್ಲ. ಅಡುಗೆಮನೆಯಿಂದ ಈರುಳ್ಳಿ ಹಾಕಿದ ಸಾಗು ಬಂತು. ಒಂದು ತುತ್ತಿಗೇ ಭಟ್ಟರು ಎದ್ದು ಹೋಗಿ ಬಾಯಿ ತೊಳೆದುಕೊಂಡರು.

“ನಿನ್ನಲ್ಲೂ ಹೀಗಾಯ್ತಲ್ಲ ಕಿಟ್ಟು,” ಎಂದಷ್ಟೇ ಹೇಳಿ ಹೊರಟರು. ಮತ್ತೆ ಬರಲಿಲ್ಲ.

“ದುಂಡಗಿನದು ಒಂದನ್ನೇ ಆರಿಸಲಿಕ್ಕೆ, ಚೌಕದ್ದು ಬೇಕಾದಷ್ಟು ಆರಿಸಲಿಕ್ಕೆ ಅಂತ ನೀನೇ ಹೇಳಿದ್ದಲ್ವಾ ಮಾರಾಯ? ಇಲ್ಲಿ ಚೌಕ ಹಾಕಲಿಕ್ಕೆ ನಿನಗೇನು ರೋಗ?” ಕಿಟ್ಟು ವಿಶಾಲ್ ಮೇಲೆ ಹರಿಹಾಯ್ದ.

ವಿಶಾಲ್ ಮೊಬೈಲಿನಿಂದ ತಲೆ ಎತ್ತಲಿಲ್ಲ. “ರೆಕಾರ್ಡ್ ದೇಖೋ ಮಾಮಾ. ಎರಡೂ ಬೇಡ ಅಂತ ಇವತ್ತಿನವರೆಗೆ ಒಬ್ಬರೂ ಒತ್ತಿಲ್ಲ. ಯಾರಿಗೋಸ್ಕರ ಬದಲಿಸೋದು?”

ಕಿಟ್ಟು ಭಟ್ಟರ ಮೇಜಿನ ಮುಂದೆ ನಿಂತು ಎರಡನ್ನೂ ಒತ್ತಿದ. ಒಂದು ಆರಿತು. ಆರಿದ್ದನ್ನು ಒತ್ತಿದ, ಇನ್ನೊಂದು ಆರಿತು. ಚೌಕ ಹಾಕಿಸಿದರೂ ಇನ್ನು ಅದನ್ನು ಒತ್ತುವವರು ಯಾರೂ ಉಳಿದಿರಲಿಲ್ಲ.