ಹೆರೆದ ಗುರುತು

ಹಳೆಯ ಕೊಟ್ಟಿಗೆಯೊಂದನ್ನು ಬಿಚ್ಚುವುದೂ ಒಂದು ಬಗೆಯ ಪೂಜೆಯೇ ಎಂದು ಮೇಸ್ತ್ರಿ ನಂಬಿದ್ದ. ಯಾರೋ ಪುಣ್ಯಾತ್ಮರು ಎಂದೋ ಕಡಿದು, ಕೊರೆದು, ಕೂಡಿಸಿದ ಮರ. ಹುಡುಕಿದರೂ ಒಂದು ಮೊಳೆ ಸಿಗದು. ತೊಲೆಯ ತುದಿಯ ನಾಲಿಗೆ ಕಂಬದ ಗೂಡಿನೊಳಗೆ ಹೋಗಿ ಕೂತರೆ, ಅಡ್ಡಕ್ಕೊಂದು ಮರದ ಗೂಟ, ಅಷ್ಟೆ. ತಲೆಮಾರುಗಟ್ಟಲೆ ಹುಲ್ಲನ್ನೂ ಕಾಳನ್ನೂ ಕಾದು ಈಗ ಯಾರಿಗೂ ಬೇಡವಾಗಿದ್ದ ಅಂಥದೊಂದು ಕೊಟ್ಟಿಗೆಯನ್ನು ನೇಯ್ಗೆಯ ಅಕ್ಕತಂಗಿಯರಿಬ್ಬರು ಕೊಂಡಿದ್ದರು. ಅದನ್ನು ಬಿಚ್ಚಿ ತಂದು ತಮ್ಮ ಹಿತ್ತಲಲ್ಲಿ ನಿಲ್ಲಿಸಿಕೊಟ್ಟರೆ ಮಗ್ಗಗಳಿಗೆ ಎತ್ತರದ ಸೂರಾದೀತೆಂಬುದು ಅವರ ಆಸೆ.

ಮೇಸ್ತ್ರಿಗೆ ಜೊತೆಗಾರ ಅವನ ಹೆಂಡತಿಯ ತಮ್ಮ. ಗಳಿಗೆಯೂ ಬಾಯಿಗೆ ಬಿಡುವು ಕೊಡದ ಆಸಾಮಿಯಾದ್ದರಿಂದ ಎಲ್ಲರೂ ಅವನನ್ನು ಹರಟೆಮಲ್ಲ ಎನ್ನುತ್ತಿದ್ದರು. ಕೇಳುವವರು ಸಿಗದಿದ್ದರೆ ತೊಲೆಯ ಜೊತೆಗೇ ಮಾತು. "ಸ್ವಲ್ಪ ಸರಿ ತಾಯಿ, ಭಾವನ ಹೊಟ್ಟೆಗೂ ಜಾಗ ಬೇಕು" ಎಂದು ಅವನು ಮರಕ್ಕೆ ಹೇಳಿದರೆ ಮೇಸ್ತ್ರಿಯೂ ನಗುತ್ತಿದ್ದ.

ಈ ಕೆಲಸಕ್ಕೊಂದು ಕಟ್ಟಳೆಯಿದೆ. ಕಂಬಕ್ಕೂ ತೊಲೆಗೂ ನಡುವೆ ಆಸರೆಯಾಗುವ ಓರೆಮರಗಳು ಕಣ್ಣಿಗೆ ಒಂದೇ ಥರ ಕಂಡರೂ, ಒಂದೊಂದೂ ತನ್ನ ಗೂಡಿನಲ್ಲಿ ಮಾತ್ರ ಕೂರುವುದು. ಯಾವುದು ಯಾವುದರ ಜೋಡಿ ಎಂದು ತಿಳಿಯಲೆಂದೇ ಹಳಬರು ಎರಡರ ಮೇಲೂ ಉಳಿಯಿಂದ ಒಂದೇ ಗುರುತು ಗೀರಿರುತ್ತಾರೆ. ಆ ಗುರುತಿನ ಮೈಗೆ ಮರ ಹೆರೆಯುವ ಹತ್ತರಿ ಹೊಡೆಯಬಾರದು. ಕಲಿಯಲು ಬಂದವರಿಗೆಲ್ಲ ಮೇಸ್ತ್ರಿ ಮೊದಲು ಹೇಳುತ್ತಿದ್ದುದೇ ಈ ಮಾತು.

ಮೀರಿದವನೂ ಅವನೇ. ಬಿಚ್ಚಿದ ಮರವೆಲ್ಲ ಹಿತ್ತಲಿಗೆ ಬಂದಮೇಲೆ ಒಂದು ದಿನ, ಹರಟೆಮಲ್ಲ ಹಗ್ಗ ತರಲು ಪೇಟೆಗೆ ಹೋಗಿದ್ದಾಗ ನೇಯ್ಗೆಯವರಲ್ಲಿ ಅಕ್ಕ ಬಂದು, ಬಾಗಿಲ ಬದಿಗೆ ಬರುವ ಕಂಬಗಳನ್ನು ಮುಟ್ಟಿ ನೋಡಿ, "ಇವು ಇಷ್ಟು ಮಂಕಾಗೇ ಇರುತ್ವಾ?" ಎಂದಳು. ಅಷ್ಟು ಸಾಕಾಯಿತು. ತನ್ನ ಕೈಚಳಕ ಒಂದಿಷ್ಟು ಕಾಣಲಿ ಎಂದು ಮೇಸ್ತ್ರಿ ಹತ್ತರಿ ಹಿಡಿದ. ಒಳಗಿನ ಹೊಂಬಣ್ಣ ಹೊರಬಿದ್ದಂತೆ ಅವಳು "ಅಬ್ಬ" ಎಂದಳು. ಆ ಒಂದು ಅಬ್ಬಕ್ಕೆ ಅವನು ಕಂಬಗಳ ಉದ್ದಕ್ಕೂ ಹೆರೆದುಬಿಟ್ಟ. ಅವಳು ಹೋದಮೇಲೆ ನೋಡುತ್ತಾನೆ, ಗುರುತುಗಳು ಕಾಲ ಬಳಿಯ ಮರದ ಸುರುಳಿಗಳಲ್ಲಿ ಚೂರುಚೂರಾಗಿದ್ದವು. ನೆನಪಿದ್ದಂತೆ ಮತ್ತೆ ಗೀರಿದ. ಹೊಸದೆಂದು ತಿಳಿಯಬಾರದೆಂದು ಗೀರಿನೊಳಗೆ ಎಣ್ಣೆ ಬೆರೆಸಿದ ಮಸಿ ತಿಕ್ಕಿದ. ದೇವರು ನೋಡುತ್ತಿದ್ದಾನೆ ಎಂದು ದಿನವೂ ಅನ್ನುವ ಬಾಯಿ ಆಗ ಮುಚ್ಚಿಕೊಂಡಿತ್ತು.

ಎತ್ತುವ ದಿನ ನೆರೆಹೊರೆಯ ಜನ ಎತ್ತಿ ತಳ್ಳಲು ಉದ್ದುದ್ದ ಬಿದಿರ ಗಳು ಹಿಡಿದು ಬಂದು ನಿಂತಿದ್ದರು. ಒಂದು ಬದಿಯ ಚೌಕಟ್ಟನ್ನು ನೆಲದ ಮೇಲೆಯೇ ಜೋಡಿಸಿ ಆಮೇಲೆ ನಿಲ್ಲಿಸಬೇಕು. ಓರೆಮರ ಕೂರಲಿಲ್ಲ. ಒಂದು ಸಡಿಲ, ಇನ್ನೊಂದು ಒಳಗೇ ಹೋಗದು. ಯಾಕೆಂದು ಮೇಸ್ತ್ರಿಗೆ ಆ ಕ್ಷಣವೇ ಗೊತ್ತಾಯಿತು. ಆದರೆ ಅಷ್ಟು ಜನರ ಕಣ್ಣು ತನ್ನ ಮೇಲಿತ್ತು. ನಾಲಿಗೆ ಮನಸ್ಸಿಗಿಂತ ಮುಂದೆ ಓಡಿತು.

"ಗುರುತು ನೋಡಿ ಜೋಡಿಸು ಅಂತ ಹೇಳಿದ್ದು ಯಾರಿಗೆ? ದಿನವಿಡೀ ಹರಟೆ ಹೊಡೆದ್ರೆ ಇನ್ನೇನಾಗುತ್ತೆ. ಕಣ್ಣೆಲ್ಲಿತ್ತು ನಿಂದು?"

ಹರಟೆಮಲ್ಲ ಕಂಬದ ಮೇಲೊಮ್ಮೆ ಕೈಯಾಡಿಸಿದ. "ನೋಡಿಕೊಳ್ಳಬೇಕಿತ್ತು ಭಾವ" ಎಂದ. ಅಷ್ಟೇ. ಯಾರೋ, "ಮಲ್ಲನಿಗೂ ಮಾತು ನಿಂತುಹೋಯ್ತಲ್ಲಪ್ಪ" ಎಂದು ನಕ್ಕರು. ನಾಳೆ ಬನ್ನಿ ಎಂದು ಜನರನ್ನು ಕಳಿಸಿಕೊಟ್ಟದ್ದಾಯಿತು.

ಸಂಜೆ ಊಟಕ್ಕೆ ಕೂತಾಗ ಹೆಂಡತಿ ಬಡಿಸುತ್ತ, "ನನ್ನ ತಮ್ಮ ಬಂದಿದ್ದ. ಉಣ್ಣಲಿಲ್ಲ, ನೀರು ಕುಡಿದು ಹೋದ" ಎಂದಳು.

"ತಪ್ಪು ಮಾಡಿದ್ರೆ ಬೈಸಿಕೊಳ್ಳಬೇಕು."

"ಮಾಡಿದವರು ಬೈಸಿಕೊಳ್ಳಲಿ." ಅವಳ ದನಿ ಏರಲಿಲ್ಲ. "ಹಳೇ ಗೀರಿನ ಅಂಚು ಸವೆದಿರುತ್ತಂತೆ, ಇದು ಬೆರಳಿಗೆ ಚುಚ್ಚುತ್ತಂತೆ. ಅಲ್ಲೇ ಗೊತ್ತಾಯ್ತಂತೆ ಅವನಿಗೆ. ಅಷ್ಟು ಜನರ ಮುಂದೆ ಭಾವನ ಮರ್ಯಾದೆ ಯಾಕೆ ತೆಗೀಲಿ ಅಂತ ಸುಮ್ಮನಿದ್ನಂತೆ. ನಾನು ಕೇಳಿ ಕೇಳಿ ಬಾಯಿ ಬಿಡಿಸಿದೆ. ಹೇಳಬೇಡ ಅಂದಿದ್ದಾನೆ."

ಮೇಸ್ತ್ರಿ ಕೈಯಲ್ಲಿದ್ದ ತುತ್ತನ್ನು ತಟ್ಟೆಗೇ ಹಾಕಿದ. ತಪ್ಪು ಬಯಲಾದದ್ದಕ್ಕಿಂತ, ಬಯಲಾಗಲಿ ಎಂದು ಹುಡುಗ ಬಯಸಲೇ ಇಲ್ಲವಲ್ಲ, ಅದು ಅವನನ್ನು ಕುಗ್ಗಿಸಿತು. ತನ್ನ ಮಾನವನ್ನು ತನಗಿಂತ ಜೋಪಾನವಾಗಿ ಕಾದವನ ಮಾನವನ್ನೇ ತಾನು ಹತ್ತು ಜನರ ಕಾಲಡಿಗೆ ಹಾಕಿದ್ದ. ಕೈ ತೊಳೆದು ಜಗಲಿಗೆ ಬಂದು ಪ್ರಾರ್ಥನೆಗೆ ಕೂತ. ಜೋಡಿಸಿದ ಕೈಯನ್ನು ಮತ್ತೆ ಬಿಡಿಸಿದ. ಮೊದಲು ಹೇಳಬೇಕಾದದ್ದು ದೇವರಿಗಲ್ಲ ಎಂದು ಅವನಿಗೆ ಗೊತ್ತಿತ್ತು.

ಬೆಳಿಗ್ಗೆ ಜನ ಮತ್ತೆ ಸೇರಿದರು. ಹರಟೆಮಲ್ಲ ಯಾರ ಮುಖವನ್ನೂ ನೋಡದೆ ಹಗ್ಗ ಸುತ್ತುತ್ತಿದ್ದ. ಮೇಸ್ತ್ರಿ ಕಂಬದ ಪಕ್ಕ ನಿಂತ. ತಾನು ಹಾಕಿದ ಗೀರಿನ ಮೇಲೆ ಕೈಯಿಟ್ಟ.

"ನಿನ್ನೆ ಬೈದದ್ದು ನಾನು. ತಪ್ಪೂ ನಂದೇ. ಗುರುತನ್ನ ಹೆರೆದು ಹಾಕಿದೆ, ಅಂದಾಜಿನ ಮೇಲೆ ಸುಳ್ಳು ಗುರುತು ಹಾಕಿದೆ, ಮಸಿ ಬಳಿದು ಮುಚ್ಚಿದೆ. ಇವನು ಗೊತ್ತಾದ್ರೂ ಸುಮ್ಮನಿದ್ದ."

ಯಾರೂ ನಗಲಿಲ್ಲ, ನಕ್ಕಿದ್ದರೆ ವಾಸಿಯಿತ್ತು. ನೇಯ್ಗೆಯ ಅಕ್ಕ ಸೆರಗಿನ ತುದಿ ಸುತ್ತುತ್ತ, "ನಾನೇ ಅಲ್ವಾ ಮಂಕು ಅಂದದ್ದು" ಎಂದಳು.

"ನೀವು ಕೇಳಿದ್ರಿ ತಾಯಿ. ಹೆರೆದದ್ದು ನಾನು."

ಹರಟೆಮಲ್ಲ ಹಗ್ಗ ಕೆಳಗಿಟ್ಟ. "ಇವನ್ನೆಲ್ಲ ಒಂದೊಂದಾಗಿ ಇಟ್ಟು ನೋಡಬೇಕು. ಬಿಸಿಲೇರೋ ಮುಂಚೆ ಶುರು ಮಾಡೋಣ" ಎಂದಷ್ಟೇ ಅಂದ. ಓರೆಮರಗಳನ್ನು ಒಂದು ಗೂಡಿನಿಂದ ಇನ್ನೊಂದಕ್ಕೆ ಹೊತ್ತು, ಇಟ್ಟು, ತೆಗೆದು, ಮತ್ತೆ ಇಟ್ಟು, ಭಾವಮೈದುನರಿಬ್ಬರ ಬೆನ್ನೂ ಬೆವರಿನಲ್ಲಿ ತೊಯ್ದಿತು. ಕೆಲಸದ ಮಾತಿನಾಚೆ ಒಂದು ಮಾತಿಲ್ಲ. ಕೊನೆಯದು ಗಪ್ಪೆಂದು ಕೂತಾಗ ನೆತ್ತಿಯ ಮೇಲೆ ಹೊತ್ತು ಬಂದಿತ್ತು.

ಇನ್ನು ಎತ್ತುವುದು. ಎತ್ತುವಾಗ ಎಲ್ಲರೂ ಒಟ್ಟಿಗೆ ತಳ್ಳಲೆಂದು ಕೂಗುವ ದನಿ ಒಂದೇ ಇರಬೇಕು; ಆ ದನಿ ಎಂದಿಗೂ ಮೇಸ್ತ್ರಿಯದು. ಎಲ್ಲರೂ ಅವನ ಕಡೆ ತಿರುಗಿದರು. ಅವನು ಒಂದು ಗಳು ತೆಗೆದುಕೊಂಡು ಜನರ ಸಾಲಿನಲ್ಲಿ ಹೋಗಿ ನಿಂತ.

"ಇವತ್ತು ಕೂಗೋನು ಅವನು" ಎಂದ.

ಹರಟೆಮಲ್ಲ ಬೇಡವೆಂಬಂತೆ ತಲೆಯಾಡಿಸಿದ. ಭಾವ ಕದಲಲಿಲ್ಲ. ಬೇರೆ ದಾರಿ ಕಾಣದೆ ಹೋಗಿ ಎದುರಿಗೆ ನಿಂತು ಗಂಟಲು ಸರಿಮಾಡಿಕೊಂಡ. ಮೊದಲ ಕೂಗು ಸೊರಗಿದಂತಿತ್ತು, ಎರಡನೆಯದು ಹಿತ್ತಲು ದಾಟಿತು. ಚೌಕಟ್ಟು ನರಳುತ್ತ ನೆಲ ಬಿಟ್ಟಿತು.

"ಎಡಗಡೆ ಹಿಂದುಳೀತು. ಭಾವ, ನಿಮ್ಮ ಕಡೆನೇ. ಜೋರಾಗಿ ತಳ್ಳಿ."

ಮೇಸ್ತ್ರಿ ತಲೆ ತಗ್ಗಿಸಿ, ಇದ್ದಷ್ಟು ಬಲವನ್ನೂ ಹಾಕಿ ತಳ್ಳಿದ.